ಸೋಸುವ ಅರಿವೆ, ಸೋಸಿ ಚೆಲ್ಲಿದ ಜನ

ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯ ಪುಸ್ತಕದಲ್ಲಿ ನಮಗೆ ಒಂದು ಇಂಗ್ಲಿಷ್ ಪದ ಎದುರಾಯಿತು: ಚೀಸ್‌ಕ್ಲಾತ್. ಎಲೆ ಅರೆದು ತೆಗೆದ ರಸವನ್ನು ನಾಲ್ಕು ಪದರ ಚೀಸ್‌ಕ್ಲಾತಿನಲ್ಲಿ ಸೋಸಿಕೊಳ್ಳಬೇಕು ಎಂದು ಬರೆದಿತ್ತು. ನಾವು ಎಂದರೆ ನಮ್ಮ ಕೇರಿಯಿಂದ ಮೊಟ್ಟಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಾಕೈದು ಹುಡುಗರು. ಅಪ್ಪ ಅವ್ವ ಹೆಬ್ಬೆಟ್ಟು ಒತ್ತುವವರು. ಚೀಸನ್ನು ನಾವು ತಿಂದಿರಲಿಲ್ಲ, ಅದರ ಬಟ್ಟೆಯನ್ನು ಕಂಡಿರಲಿಲ್ಲ. ಅದೇನೋ ಫಾರಿನ್ನಿನ ದುಬಾರಿ ಸಾಮಾನು, ಕೈ ತಾಗಿ ಹರಿದರೆ ದಂಡ ಕಟ್ಟಬೇಕಾದೀತು ಅಂತ ಹಿಂದಕ್ಕೆ ಸರಿದು ನಿಂತೆವು. ಅಟೆಂಡರು ಕಪಾಟಿನಿಂದ ಒಂದು ಸುರುಳಿ ತೆಗೆದು ಮೇಜಿನ ಮೇಲೆ ಎಸೆದ. ನೋಡಿದರೆ ಏನದು? ಜಾಳುಜಾಳಾಗಿ ನೇಯ್ದ ಬಿಳಿ ಹತ್ತಿ ಬಟ್ಟೆ. ನಮ್ಮವ್ವ ಕೊಡದ ಬಾಯಿಗೆ ಕಟ್ಟುತ್ತಿದ್ದ ಸೋಸೋ ಅರಿವಿ!

ಅವತ್ತು ನಾವು ನಕ್ಕೆವು. ಹಾಸ್ಟೆಲಿಗೆ ಬಂದ ಮೇಲೆ ನಗು ನಿಂತಿತು. ನಮ್ಮ ಮನೆಯ ಗೂಟಕ್ಕೆ ದಿನಾ ನೇತಾಡುತ್ತಿದ್ದ ಈ ಬಟ್ಟೆಗೆ ಒಂದು ಹೆಸರಿದೆ, ಒಂದು ಚರಿತ್ರೆಯಿದೆ ಅಂತ ನಮಗೆ ಯಾವ ಮೇಷ್ಟರೂ ಹೇಳಿರಲಿಲ್ಲ. ರಾಜರ ಪೀತಾಂಬರಕ್ಕೆ ಚರಿತ್ರೆ ಉಂಟು. ನವಾಬರು ಉಟ್ಟ ಢಾಕಾದ ಮಸ್ಲಿನ್ನಿಗೆ ಚರಿತ್ರೆ ಉಂಟು. ನೀರು ಸೋಸುವ ತುಂಡು ಅರಿವೆಗೆ ಇಲ್ಲ. ಹಂಗಂದ್ರೆ ಅದನ್ನು ನಾವೇ ಬರೀಬೇಕು.

ಅವ್ವನಿಗೆ ನೀರು ಸೋಸುವುದನ್ನು ಕಲಿಸಿದವಳು ನಮ್ಮ ಆಯಿ, ಅಂದರೆ ಅವ್ವನ ಅತ್ತೆ. ಆಯಿಗೆ ಕಲಿಸಿದ್ದು ಮುತ್ಯಾನ ಎಡಗಾಲು. ಆ ಕಾಲಿನ ಕತೆಗೆ ಆಮೇಲೆ ಬರೋಣ. ಮೊದಲು ಬಟ್ಟೆ.

ಈ ಬಟ್ಟೆಯ ಗುಟ್ಟು ಅದರ ಎಳೆಯಲ್ಲಿಲ್ಲ, ಎಳೆಗಳ ನಡುವಿನ ಕಂಡಿಯಲ್ಲಿದೆ. ನೇಯ್ಗೆ ಸಾದಾ, ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ. ಆದರೆ ಮಗ್ಗದವನು ಹೊಕ್ಕನ್ನು ಗಟ್ಟಿಯಾಗಿ ಬಡಿಯುವುದಿಲ್ಲ. ಎಳೆ ಎಳೆಗೆ ದೂರ ಬಿಡುತ್ತಾನೆ. ಅಮೆರಿಕದಲ್ಲಿ ಇದನ್ನು ನಂಬರು ಹಾಕಿ ಮಾರುತ್ತಾರೆ. 10ನೇ ನಂಬರಿನದು ತೀರಾ ಜಾಳು, ಒಂದು ಅಂಗುಲದಲ್ಲಿ ಹಾಸು 20 ಎಳೆ, ಹೊಕ್ಕು 12 ಎಳೆ. 90ನೇ ನಂಬರಿನದು ದಟ್ಟ, ಹಾಸು 44, ಹೊಕ್ಕು 36. ಉಡುವುದಕ್ಕೆ ಇದು ಬಾರದು, ಮಾನ ಮುಚ್ಚುವುದಿಲ್ಲ. ಆದರೆ ಬಿಡಬೇಕಾದ್ದನ್ನು ಬಿಟ್ಟು ಹಿಡಿಯಬೇಕಾದ್ದನ್ನು ಹಿಡಿಯುತ್ತದೆ. ಯುರೋಪಿನ ರೈತ ಹೆಂಗಸರು ಒಡೆದ ಹಾಲನ್ನು ಇದರಲ್ಲಿ ಕಟ್ಟಿ ನೀರು ಇಳಿಸಿ ಚೀಸ್ ಮಾಡಿದರು. ಅದರಿಂದಲೇ ಆ ಹೆಸರು. ನಮ್ಮ ಬೆಳಗಾವಿ ಧಾರವಾಡದ ಕಡೆ ಮೊಸರು ಕಟ್ಟಿ ಗೂಟಕ್ಕೆ ತೂಗುಹಾಕಿ ಶ್ರೀಖಂಡ ಮಾಡುವುದೂ ಇಂಥ ಬಟ್ಟೆಯಲ್ಲೇ.

ಇದೇ ಜಾಳು ನೇಯ್ಗೆಯನ್ನು ಕುದಿಸಿ, ಎಣ್ಣೆ ಪಸೆ ತೆಗೆದು, ಬಿಳಿಚಿಸಿದರೆ ಆಸ್ಪತ್ರೆಯ ಗಾಜ್ ಬಟ್ಟೆ. 1880ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಸರ್ಜನ್ ಸ್ಯಾಂಪ್ಸನ್ ಗ್ಯಾಮ್ಜಿ ಎರಡು ಪದರ ಗಾಜಿನ ನಡುವೆ ಹತ್ತಿ ಇಟ್ಟು ಗಾಯಕ್ಕೆ ಕಟ್ಟುವುದನ್ನು ರೂಢಿಗೆ ತಂದ. 1910-11ರಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿದಾಗ ಡಾಕ್ಟರ್ ವು ಲಿಯೆನ್-ತೆ ಗಾಜು ಮತ್ತು ಹತ್ತಿಯ ಪದರಗಳನ್ನು ಮೂಗು ಬಾಯಿಗೆ ಕಟ್ಟಿಸಿದ. ಪೆನಾಂಗಿನಲ್ಲಿ ಹುಟ್ಟಿದ ಆ ಚೀನೀ ವೈದ್ಯನ ಮಾತನ್ನು ಬಿಳಿಯ ವೈದ್ಯನೊಬ್ಬ ಕಿವಿಗೆ ಹಾಕಿಕೊಳ್ಳದೆ ಬರಿಮೂಗಿನಲ್ಲಿ ವಾರ್ಡಿಗೆ ಹೋಗಿ ಪ್ಲೇಗಿನಲ್ಲೇ ಸತ್ತ. 2020ರಲ್ಲಿ ನಾವೆಲ್ಲ ಮುಖಕ್ಕೆ ಕಟ್ಟಿಕೊಂಡ ಬಟ್ಟೆಯ ಹಿರಿಯ ಅದು.

ಹೋಟೆಲಿನ ಚಹಾ ಸೋಸುವ ಬಟ್ಟೆಯನ್ನು ನೀವು ನೋಡಿರುತ್ತೀರಿ. ಬಿಳಿ ಬಟ್ಟೆ ಚಹಾ ಕುಡಿದು ಕುಡಿದು ಕಂದಾಗಿರುತ್ತದೆ. ಅದರ ಕೆಳಗೆ ಇಳಿದ ಚಹಾ ಒಂದೇ. ಆದರೆ ಗೌಡರ ಓಣಿಯವರಿಗೆ ಗಾಜಿನ ಗ್ಲಾಸು, ನಮ್ಮವರಿಗೆ ಹೊರಗೆ ಗೋಡೆಯ ಗೂಡಿನಲ್ಲಿಟ್ಟ ಬೇರೆ ಲೋಟ, ಇಲ್ಲವೆ ತೆಂಗಿನ ಚಿಪ್ಪು. ಕುಡಿದವರೇ ತೊಳೆದಿಡಬೇಕು. ಬಟ್ಟೆ ಚಹಾಪುಡಿಯನ್ನು ಬೇರೆ ಮಾಡಿತು. ಜನರನ್ನು ಬೇರೆ ಮಾಡಿದ್ದು ಯಾವ ಬಟ್ಟೆ?

ಈ ಪ್ರಶ್ನೆ ಹಿಡಿದು ಹೊರಟರೆ ಮೊದಲು ಸಿಗುವುದು ಮಗ್ಗ. ಬಟ್ಟೆಗೂ ಹೊಲೆಯರಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಸಂಬಂಧ ಇದೆ. ಹಳೆಯ ಮೈಸೂರು ಸೀಮೆಯ ಹೊಲೆಯರಲ್ಲಿ ಮಗ್ಗದ ಹೊಲೆಯರೆಂಬ ಒಳಪಂಗಡವೇ ಇತ್ತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಹೊಲೆಯರು ಒರಟು ಹತ್ತಿ ಬಟ್ಟೆ ನೇಯುತ್ತಿದ್ದುದನ್ನು ದಾಖಲಿಸಿದ್ದಾನೆ. ನಾಗಪುರದ ಕಡೆ ಮಹಾರರೂ ಒರಟು ಬಟ್ಟೆಯ ನೇಕಾರರೇ. ಊರಿನ ಬಡವರು ಉಟ್ಟಿದ್ದು ಅಂಥ ಬಟ್ಟೆ. ಮ್ಯಾಂಚೆಸ್ಟರಿನ ಗಿರಣಿ ಬಟ್ಟೆ ಹಡಗಿನಲ್ಲಿ ಬಂದಿಳಿದಾಗ ಎಲ್ಲ ನೇಕಾರರ ಕೈಯೂ ಕಟ್ಟಿತು. ರೇಷ್ಮೆ ನೇಯುವವರ ಕಣ್ಣೀರು ಚರಿತ್ರೆಯ ಪುಸ್ತಕ ಸೇರಿತು. ಒರಟು ಬಟ್ಟೆಯವರ ಕಣ್ಣೀರು ಸೇರಲಿಲ್ಲ.

ಊರು ಬಿಟ್ಟು ಮುಂಬಯಿಯ ಗಿರಣಿ ಸೇರಿದ ನಮ್ಮವರ ಪಾಡೇನಾಯಿತು? ಅಲ್ಲಿ ಹತ್ತಿ ಬಿಡಿಸುವ, ನೂಲುವ ಖಾತೆಗಳಲ್ಲಿ ಅಸ್ಪೃಶ್ಯರಿಗೆ ಕೆಲಸ ಇತ್ತು. ನೇಯುವ ಖಾತೆಯಲ್ಲಿ ಇರಲಿಲ್ಲ. ಕೂಲಿ ಹೆಚ್ಚು ಸಿಗುತ್ತಿದ್ದುದು ನೇಯುವ ಖಾತೆಯಲ್ಲೇ. ಕಾರಣ ಕೇಳಿದರೆ ನಗಬೇಕೋ ಅಳಬೇಕೋ. ನೂಲು ಹರಿದಾಗ ನೇಕಾರ ಲಾಳಿಯ ತೂತಿಗೆ ಬಾಯಿಟ್ಟು ಎಳೆಯನ್ನು ಹೀರಿ ಹೊರಗೆ ತೆಗೆಯಬೇಕು. ಅಸ್ಪೃಶ್ಯನ ಎಂಜಲು ತಾಗಿದ ಲಾಳಿಗೆ ನಾವು ಬಾಯಿಡುವುದು ಹೇಗೆ ಎಂದರು ಸವರ್ಣ ಕಾರ್ಮಿಕರು. ಕೆಂಪು ಬಾವುಟ ಹಿಡಿದವರೂ ಇದಕ್ಕೆ ಸುಮ್ಮನಿದ್ದರು. 1928ರ ದೊಡ್ಡ ಗಿರಣಿ ಮುಷ್ಕರದಲ್ಲಿ ಬಾಬಾಸಾಹೇಬ ಅಂಬೇಡ್ಕರರು ಇದನ್ನೇ ಎತ್ತಿ ಹಿಡಿದು ಕೇಳಿದರು: ಮಾಲೀಕನ ಅನ್ಯಾಯಕ್ಕೆ ಮುಷ್ಕರ ಹೂಡುವ ನೀವು, ನಿಮ್ಮ ಪಕ್ಕದ ಕಾರ್ಮಿಕನಿಗೆ ನೀವೇ ಮಾಡುವ ಅನ್ಯಾಯಕ್ಕೆ ಏನನ್ನುತ್ತೀರಿ? ವರ್ಗ ಮೊದಲೋ ಜಾತಿ ಮೊದಲೋ ಎಂದು ಇವತ್ತಿಗೂ ಸಭೆಗಳಲ್ಲಿ ರಾತ್ರಿಯೆಲ್ಲಾ ಜಗಳಾಡುವ ಗೆಳೆಯರು ಆ ಲಾಳಿಯ ತೂತಿನಲ್ಲಿ ಒಮ್ಮೆ ಇಣುಕಿ ನೋಡಬೇಕು.

ಇದು ನಮ್ಮ ದೇಶದ ರೋಗ ಮಾತ್ರ ಅಂತಲೂ ತಿಳಿಯಬೇಡಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1900ರಿಂದ ಚೀಸ್‌ಕ್ಲಾತಿಗೆ ಇನ್ನೊಂದು ಉಪಯೋಗ ಕಂಡುಕೊಂಡರು. ಚುಟ್ಟಾದ ಮೇಲುಹೊದಿಕೆಗೆ ತೆಳ್ಳನೆಯ ತಂಬಾಕು ಎಲೆ ಬೇಕು. ಬಿಸಿಲು ನೇರ ಬಿದ್ದರೆ ಎಲೆ ದಪ್ಪಗಾಗುತ್ತದೆ. ಅದಕ್ಕೆ ಎಕರೆಗಟ್ಟಲೆ ಹೊಲದ ಮೇಲೆ ಕಂಬ ನೆಟ್ಟು ಈ ಬಟ್ಟೆಯ ಚಪ್ಪರ ಹಾಕಿದರು. ಎಲೆಗೆ ನೆರಳು, ಕೂಲಿಯವನಿಗೆ ಒಳಗೆ ಧಗೆ. 1944ರ ಬೇಸಿಗೆಯಲ್ಲಿ ಆ ಕಡೆಯ ತಂಬಾಕು ಹೊಲಗಳಿಗೆ ದಕ್ಷಿಣದ ಜಾರ್ಜಿಯಾದಿಂದ ಕರಿಯ ವಿದ್ಯಾರ್ಥಿಗಳು ಕೂಲಿಗೆ ಬಂದರು, ಕಾಲೇಜಿನ ಫೀಸಿಗಾಗಿ. ಅವರಲ್ಲಿ 15 ವರ್ಷದ ಒಬ್ಬ ಹುಡುಗನಿದ್ದ. ಹೆಸರು ಮಾರ್ಟಿನ್ ಲೂಥರ್ ಕಿಂಗ್. ಅಲ್ಲಿಯ ಹೋಟೆಲಿನಲ್ಲಿ ಬಿಳಿಯರ ಸಂಗಡ ಎಲ್ಲಿ ಬೇಕಾದರೂ ಕೂತು ಉಣ್ಣಬಹುದು ಎಂಬುದೇ ಅವನಿಗೆ ಹೊಸತು. ಮನೆಗೆ ಕಾಗದ ಬರೆದು ತಿಳಿಸಿದ. ಊರಿನ ಕಡೆಯ ರೈಲಿನಲ್ಲಿ ಮತ್ತೆ ಅದೇ ಪಾಡು. ಊಟದ ಡಬ್ಬಿಯಲ್ಲಿ ಕರಿಯರನ್ನು ಪರದೆಯ ಹಿಂದೆ ಕೂರಿಸುತ್ತಿದ್ದರು. ಹಾಗೆ ಮೊದಲ ಬಾರಿ ಕೂತಾಗ ಆದ ನೋವನ್ನು ಆತ ಮುಂದೆ ದೊಡ್ಡವನಾದ ಮೇಲೂ ನೆನೆದು ಬರೆದಿದ್ದಾನೆ. ಬೇಸಿಗೆಯೆಲ್ಲಾ ದುಡಿದದ್ದು ಒಂದು ಬಟ್ಟೆಯ ಕೆಳಗೆ, ಉಣ್ಣಬೇಕಾದದ್ದು ಇನ್ನೊಂದು ಬಟ್ಟೆಯ ಹಿಂದೆ.

ಈಗ ನೀರಿಗೆ ಬರೋಣ. ನೀರು ಸೋಸಿ ಕುಡಿಯಬೇಕು ಎಂಬ ತಿಳಿವಳಿಕೆ ಈ ನೆಲದಲ್ಲಿ ಹಳೆಯದು. ಜೈನರು ಜೀವಹಿಂಸೆ ಆಗಬಾರದೆಂದು ಬಟ್ಟೆಯಲ್ಲಿ ನೀರು ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡುವಷ್ಟು ಮರುಕ ಅವರ ಆಚಾರದಲ್ಲಿದೆ. ಮನುವಿನ ಪುಸ್ತಕವೂ ಆರನೆಯ ಅಧ್ಯಾಯದಲ್ಲಿ ಸಂನ್ಯಾಸಿಗೆ ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯಲು ಹೇಳುತ್ತದೆ. ಒಳ್ಳೆಯ ಮಾತು. ಹಾಳೆ ಮಗುಚುತ್ತಾ ಹತ್ತನೆಯ ಅಧ್ಯಾಯಕ್ಕೆ ಬನ್ನಿ. ಅಲ್ಲಿಯೂ ಬಟ್ಟೆಯ ಮಾತಿದೆ. ಚಂಡಾಲರು ಊರ ಹೊರಗಿರಬೇಕು, ಒಡೆದ ಮಡಕೆಯಲ್ಲಿ ಉಣ್ಣಬೇಕು, ಹೆಣದ ಮೇಲಿನ ಬಟ್ಟೆ ಉಡಬೇಕು. ಒಂದೇ ಪುಸ್ತಕ, ಎರಡು ಬಟ್ಟೆ. ಒಬ್ಬನಿಗೆ ನೀರು ಸೋಸಲು, ಇನ್ನೊಬ್ಬನಿಗೆ ಸತ್ತವನ ಮೈಮೇಲಿಂದ ತೆಗೆದದ್ದು.

ಆ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟರು. ಅದಕ್ಕೆ ಒಂಬತ್ತು ತಿಂಗಳ ಹಿಂದೆ, ಮಾರ್ಚ್ 20ರಂದು, ಬಾಬಾಸಾಹೇಬರ ಮುಂದಾಳುತನದಲ್ಲಿ ನಮ್ಮ ಜನ ಅದೇ ಮಹಾಡಿನ ಚವದಾರ ಕೆರೆಗೆ ಸಾಲಾಗಿ ನಡೆದು ಹೋಗಿ ಬೊಗಸೆ ನೀರು ಕುಡಿದಿದ್ದರು. ಕಾನೂನು ಆಗಲೇ ಅವರ ಕಡೆಗಿತ್ತು. ಸಾರ್ವಜನಿಕ ಕೆರೆ ಬಾವಿಗಳನ್ನು ಎಲ್ಲರಿಗೂ ತೆರೆಯಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಆದರೂ ಕುಡಿದವರ ಮೇಲೆ ದೊಣ್ಣೆ ಬಿತ್ತು. ಆಮೇಲೆ ಸವರ್ಣರು ಸೇರಿ ಕೆರೆಯನ್ನು ಶುದ್ಧ ಮಾಡಿದರು. ಹೇಗೆ? 108 ಕೊಡ ನೀರೆತ್ತಿ, ಅದಕ್ಕೆ ಸಗಣಿ, ಗಂಜಲ, ಹಾಲು, ಮೊಸರು ಕಲಸಿ, ಮಂತ್ರ ಹೇಳಿ ಮತ್ತೆ ಕೆರೆಗೆ ಸುರಿದು!

ಇಲ್ಲಿ ಸ್ವಲ್ಪ ನಿಲ್ಲೋಣ. ಸೋಸುವ ಬಟ್ಟೆ ನೀರಿನಲ್ಲಿರುವ ಹೊಲಸನ್ನು ತೆಗೆಯುತ್ತದೆ. ಮಡಿ ನೀರಿಗೆ ಸಗಣಿ ಹಾಕಿ ಶುದ್ಧವಾಯಿತು ಅನ್ನುತ್ತದೆ. ಒಂದು ಶುದ್ಧಿಯನ್ನು ಕಣ್ಣಿನಿಂದ ನೋಡಬಹುದು, ಬಟ್ಟೆ ಬಿಡಿಸಿ ಬೆಳಕಿಗೆ ಹಿಡಿದರೆ ಸಾಕು. ಇನ್ನೊಂದು ಶುದ್ಧಿ ಪುರೋಹಿತನ ಬಾಯಲ್ಲಿ ಮಾತ್ರ ಇದೆ. ಕನ್ನಡದಲ್ಲಿ ಮಡಿ ಎಂದರೆ ಒಗೆದು ಯಾರೂ ಮುಟ್ಟದಂತೆ ಒಣಗಿಸಿದ ಬಟ್ಟೆಯೂ ಹೌದು. ಆ ಬಟ್ಟೆ ಸೋಸುತ್ತದೆ, ಆದರೆ ನೀರನ್ನಲ್ಲ, ಮನುಷ್ಯರನ್ನು. ಚವದಾರ ಕೆರೆಯ ಖಟ್ಲೆ ಕೋರ್ಟಿನಿಂದ ಕೋರ್ಟಿಗೆ ಅಲೆದು, ಅಸ್ಪೃಶ್ಯರಿಗೂ ಆ ನೀರಿನ ಹಕ್ಕಿದೆ ಎಂದು ಮುಂಬಯಿ ಹೈಕೋರ್ಟು ಹೇಳುವ ಹೊತ್ತಿಗೆ 1937 ಬಂದಿತ್ತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಇನ್ನು ಮುತ್ಯಾನ ಕಾಲಿನ ಕತೆ. 72ರ ಬರದಲ್ಲಿ ಮುತ್ಯಾ ಧಣಿಯ ಮನೆಯಲ್ಲಿ ಜೀತಕ್ಕಿದ್ದ. ಊರಿಗೆ ಪಾವಟಿಗೆ ಇಳಿದು ನೀರು ತುಂಬುವ ದೊಡ್ಡ ಬಾವಿ ಒಂದಿತ್ತು. ನಮ್ಮವರು ಇಳಿಯುವಂತಿಲ್ಲ. ದಂಡೆಯ ಮೇಲೆ ಕೊಡ ಇಟ್ಟುಕೊಂಡು, ಯಾರಾದರೂ ಪುಣ್ಯಾತ್ಮರು ಮೇಲಿಂದ ಸುರಿದಾರು ಅಂತ ಕಾಯಬೇಕು. ಕಾದು ಸಾಕಾದವರು ಹಳ್ಳದ ಹೊಂಡಕ್ಕೆ ಹೋಗುತ್ತಿದ್ದರು. ದನ ಎಮ್ಮೆ ಬಿದ್ದು ಏಳುವ ನೀರೇ ಕುಡಿಯುವ ನೀರು. ಮರುವರ್ಷ ಮಳೆ ಬಂತು. ಬಿತ್ತಿಗೆಯ ಹೊತ್ತಿಗೆ ಸರಿಯಾಗಿ ಮುತ್ಯಾನ ಎಡಗಾಲ ಹರಡಿನ ಹತ್ತಿರ ಬೊಬ್ಬೆ ಎದ್ದು, ಬೆಂಕಿ ಇಟ್ಟಂತೆ ಉರಿದು, ಒಡೆದು, ಬಿಳಿ ದಾರದಂಥದು ಒಂದು ತುದಿ ಹೊರಗೆ ಹಾಕಿತು. ನಾರು. ನಾರುಹುಣ್ಣು.

ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಬಿಡಿಸಿ ಹೇಳುತ್ತೇವೆ. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿ ಇರುತ್ತದೆ, ಒಂದು ಮಿಲಿಮೀಟರಿನ ಆಸುಪಾಸು. ನಾರುಹುಳುವಿನ ಮರಿ ಅದರ ಹೊಟ್ಟೆಯಲ್ಲಿ ಬೆಳೆಯುತ್ತದೆ. 1870ರಲ್ಲಿ ತುರ್ಕಿಸ್ತಾನದಲ್ಲಿ ಇದನ್ನು ಕಂಡುಹಿಡಿದವನು ರಷ್ಯಾದ ಫೆದ್‌ಚೆಂಕೊ. ಆ ನೀರು ಕುಡಿದರೆ ಮರಿ ನಮ್ಮ ಮೈಯೊಳಗೆ ಸೇರಿ ಬೆಳೆಯುತ್ತದೆ. ಹೆಣ್ಣು ಹುಳು ಒಂದು ಮೀಟರಿನವರೆಗೂ ಉದ್ದವಾಗಿ, ಸುಮಾರು ಒಂದು ವರ್ಷಕ್ಕೆ ಚರ್ಮ ಸೀಳಿ ಹೊರಗೆ ಬರುತ್ತದೆ, ಹೆಚ್ಚಾಗಿ ಕಾಲಿನಲ್ಲಿ. ಉರಿ ತಾಳದೆ ಮನುಷ್ಯ ಕಾಲನ್ನು ನೀರಿಗೆ ಇಳಿಸುತ್ತಾನೆ. ಹುಳು ಕಾಯುತ್ತಿದ್ದುದೂ ಅದಕ್ಕೇ. ನೀರು ತಾಗಿದೊಡನೆ ಸಾವಿರಗಟ್ಟಲೆ ಮರಿ ಬಿಡುತ್ತದೆ. ಅವುಗಳನ್ನು ಸೈಕ್ಲಾಪ್ಸ್ ನುಂಗುತ್ತದೆ. ಮತ್ತೆ ಅದೇ ಸುತ್ತು. ಇದಕ್ಕೆ ಔಷಧಿ ಇಲ್ಲ, ಲಸಿಕೆ ಇಲ್ಲ. ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಾ ಒಂದಿಷ್ಟು ಎಳೆಯಬೇಕು, ವಾರಗಟ್ಟಲೆ. ಅವಸರಪಟ್ಟು ಎಳೆದರೆ ಒಳಗೇ ಹರಿದು ಕಾಲು ಕೀವಾಗುತ್ತದೆ.

ಮುತ್ಯಾನ ಹುಳು ಹರಿಯಿತು. ಯಾಕೆಂದರೆ ಧಣಿ ಮಲಗಲು ಬಿಡಲಿಲ್ಲ. ಬಿತ್ತಿಗೆಗೆ ಬರದ ದಿನಗಳನ್ನೆಲ್ಲ ಎಣಿಸಿ ಸಾಲಕ್ಕೆ ಸೇರಿಸಿದ. ಮುತ್ಯಾ ನಮಗೆ ಕಾಲು ತೋರಿಸಿ ಹೇಳುತ್ತಿದ್ದ: “ನೀರು ಕುಡದಿದ್ದು ಹೋದ ವರ್ಷ, ಹುಳಾ ಹೊಂಟಿದ್ದು ಈ ವರ್ಷ. ಯಾರ ಮ್ಯಾಲ ಹಾಕಬೇಕು ತಪ್ಪು?” ಊರವರು ತಪ್ಪನ್ನು ಹಾಕಲು ತಡಮಾಡಲಿಲ್ಲ. ಹೊಲಸು ತಿಂತಾರ, ಹುಳ ಬೀಳ್ತಾವ ಅಂದರು. ಆದರೆ ಹುಳುವಿಗೆ ಜಾತಿ ಗೊತ್ತಿರಲಿಲ್ಲ. ಪಾವಟಿಗೆಯ ಬಾವಿಯಲ್ಲಿ ಎಲ್ಲರ ಕಾಲೂ ನೀರಿಗೆ ಇಳಿಯುತ್ತಿತ್ತು, ಊರ ದೊಡ್ಡ ಮನೆಯ ಕಾಲುಗಳಲ್ಲೂ ನಾರು ಹೊರಟಿತು. ವ್ಯತ್ಯಾಸ ಇಷ್ಟೇ. ಅವರು ಮಂಚದ ಮೇಲೆ ಕಾಲು ಚಾಚಿ ಹುಳುವನ್ನು ನಿಧಾನವಾಗಿ ಸುತ್ತಿಸಿಕೊಂಡರು. ಜೀತದವನಿಗೆ ನಿಧಾನ ಎಂಬುದೇ ಇರಲಿಲ್ಲ. ಅವನ ಕಾಲು ಅಲ್ಲಿಗೆ ಸೊಟ್ಟಗಾಯಿತು.

ಭಾರತ ಸರ್ಕಾರ 1983-84ರಲ್ಲಿ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಶುರುಮಾಡಿತು. ಆಗ ಏಳು ರಾಜ್ಯಗಳ ಸಾವಿರಾರು ಹಳ್ಳಿಗಳಲ್ಲಿ ಸುಮಾರು 40 ಸಾವಿರ ಜನರಿಗೆ ಈ ರೋಗವಿತ್ತು. ಕರ್ನಾಟಕವೂ ಆ ಏಳರಲ್ಲಿ ಒಂದು. ಪಾವಟಿಗೆ ಬಾವಿಗಳಿಗೆ ಕಟ್ಟೆ ಕಟ್ಟಿ ಹಗ್ಗ ಹಾಕಿ ಸೇದುವ ಬಾವಿ ಮಾಡಿದರು. ನೀರಿಗೆ ಸೈಕ್ಲಾಪ್ಸ್ ಸಾಯುವ ಮದ್ದು ಹಾಕಿದರು. ಕೈಪಂಪು ಹಾಕಿದರು. ಮನೆ ಮನೆಗೆ ನೀರು ಸೋಸುವ ಬಟ್ಟೆಯ ಪಾಠ ಹೇಳಿದರು. ನಮ್ಮೂರಿಗೂ ದವಾಖಾನೆಯವರು ಬಂದರಂತೆ. ಚಾವಡಿಯ ಕಟ್ಟೆ ಮೇಲೆ ನಿಂತು ಬಟ್ಟೆ ಬಿಡಿಸಿ ತೋರಿಸಿದರಂತೆ. ನಮ್ಮವರು ದೂರದಲ್ಲಿ ನಿಂತು ನೋಡಿದರು. “ಅರಿವಿ ಕಾಣ್ತು, ಹುಳಾ ಕಾಣಲಿಲ್ಲ” ಎನ್ನುತ್ತಿದ್ದ ಮುತ್ಯಾ. ಆಮೇಲೊಂದು ದಿನ ಒಬ್ಬ ನರ್ಸಬಾಯಿ ನಮ್ಮ ಕೇರಿಗೇ ನಡೆದು ಬಂದಳು. ಆಯಿಯ ಕೊಡದಿಂದಲೇ ಗಾಜಿನ ಗ್ಲಾಸಿಗೆ ನೀರು ಬಗ್ಗಿಸಿ, ಆಯಿಯ ಕೈಗೇ ಕೊಟ್ಟು, ಬಿಸಿಲಿಗೆ ಹಿಡಿ ಅಂದಳು. ನೀರಿನೊಳಗೆ ಬಿಳಿ ಚುಕ್ಕೆಗಳು ಜಿಗಿಯುತ್ತಿದ್ದವು. ಸೀರೆಯ ತುಂಡಿನಲ್ಲಿ ಸೋಸಿ ಮತ್ತೆ ಹಿಡಿ ಅಂದಳು. ಚುಕ್ಕೆ ಇರಲಿಲ್ಲ. ಓದು ಬಾರದ ಆಯಿ ಅವತ್ತು ತನ್ನ ಕಣ್ಣಿನಿಂದ ಒಂದು ಪಾಠ ಓದಿದಳು. ದೆವ್ವ ಅಲ್ಲ, ದೇವರ ಸಿಟ್ಟಲ್ಲ, ಹಿಂದಿನ ಜನ್ಮದ ಕರ್ಮ ಅಲ್ಲ. ನೀರಿನ ಹುಳ. ನಮ್ಮ ಭಾಷೆಯಲ್ಲಿ ಅರಿವೆ ಮತ್ತು ಅರಿವು ಇಷ್ಟು ಹತ್ತಿರ ಯಾಕಿವೆ ಅಂತ ಪಂಡಿತರು ಏನಾದರೂ ಹೇಳಲಿ, ನಮಗೆ ಆಯಿಯ ಗ್ಲಾಸು ಸಾಕು.

1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡದ್ದೇ ಭಾರತದ ಕೊನೆಯ ನಾರುಹುಣ್ಣು. 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶ ಮುಕ್ತವಾಯಿತೆಂದು ಸಾರಿತು. 1986ರಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 35 ಲಕ್ಷ ಜನರನ್ನು ಹಿಡಿಯುತ್ತಿದ್ದ ರೋಗ 2023ರಲ್ಲಿ ಕೇವಲ 14 ಜನರಲ್ಲಿ ಕಂಡಿತು. ಚುಚ್ಚುಮದ್ದು ಇಲ್ಲದೆ, ಗುಳಿಗೆ ಇಲ್ಲದೆ, ಸೋಸುವ ಬಟ್ಟೆ ಮತ್ತು ಒಳ್ಳೆಯ ಬಾವಿಯಿಂದ ಆದ ಕೆಲಸ ಇದು. ಬಾವಿಗೆ ಇಳಿಯದಂತೆ ಕಾಲಿಗೆ ಕಾವಲಿದ್ದ ಹೆಂಗಸರು, ದಿನಾ ಬಟ್ಟೆ ಕಟ್ಟಿ ಬಿಚ್ಚಿ ತೊಳೆದ ಹೆಂಗಸರು ಗೆದ್ದ ಯುದ್ಧ. ಅವರ ಹೆಸರಿನಲ್ಲಿ ಒಂದು ಕಲ್ಲೂ ನೆಟ್ಟಿಲ್ಲ.

ಬಾಂಗ್ಲಾದೇಶದ ಕತೆಯೂ ಇಂಥದ್ದೇ. ಕಾಲರಾದ ಕ್ರಿಮಿ ನೀರಿನಲ್ಲಿ ಸೈಕ್ಲಾಪ್ಸಿನ ಬಳಗದ ಸಣ್ಣ ಜೀವಿಗಳಿಗೆ ಅಂಟಿಕೊಂಡು ಬದುಕುತ್ತದೆ. ಕ್ರಿಮಿ ಬಟ್ಟೆಗೆ ಸಿಗುವಷ್ಟು ದೊಡ್ಡದಲ್ಲ, ಆದರೆ ಅದು ಏರಿದ ಸವಾರಿ ಸಿಗುತ್ತದೆ. ರೀಟಾ ಕೋಲ್ವೆಲ್, ಅನ್ವರ್ ಹಕ್ ಮತ್ತವರ ಸಂಗಡಿಗರು ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ಇದನ್ನು ಪರೀಕ್ಷೆಗೆ ಇಟ್ಟರು. ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ತುಂಬಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು, 48 ಪರ್ಸೆಂಟು ಕಡಿಮೆ. 2003ರಲ್ಲಿ ಇದು ಪ್ರಕಟವಾಯಿತು. ಅದರಲ್ಲಿ ನಮ್ಮ ಕಣ್ಣು ಕಚ್ಚಿ ಹಿಡಿದದ್ದು ಒಂದು ಮಾತು. ಹೊಸ ಸೀರೆಗಿಂತ ಹಳೆಯ ಸೀರೆ ಚೆನ್ನಾಗಿ ಸೋಸುತ್ತದಂತೆ. ಒಗೆದು ಒಗೆದು ನೂಲು ಪಿಸಿದು, ನವಿರು ಎದ್ದು, ಎಳೆಗಳ ನಡುವಿನ ಕಂಡಿ ಸಣ್ಣದಾಗುತ್ತದೆ. ಬಡವಿ ಉಟ್ಟು ಸವೆಸಿದ ಸೀರೆ, ಅಂಗಡಿಯ ಸೀರೆ ಮಾಡಲಾಗದ ಕೆಲಸ ಮಾಡುತ್ತದೆ!

ಇಷ್ಟು ಹೇಳಿ ಬಟ್ಟೆಗೆ ಜೈ ಅಂದುಬಿಟ್ಟರೆ ನಾವು ಸರ್ಕಾರದ ಪ್ರಚಾರಕರಾಗುತ್ತೇವೆ. ಬಟ್ಟೆಗೆ ಮಿತಿ ಇದೆ. ಪಾವಗಡದ ಬೋರ್‌ವೆಲ್ಲಿನಲ್ಲಿ ಕರಗಿ ಬರುವ ಫ್ಲೋರೈಡನ್ನು ಯಾವ ಸೀರೆಯೂ ಹಿಡಿಯದು. ಬಾಂಗ್ಲಾದಲ್ಲಿ ಕಾಲರಾ ತಪ್ಪಿಸಲೆಂದು ಕೊರೆದ ಕೊಳವೆಬಾವಿಗಳಲ್ಲೇ 1990ರ ದಶಕದಲ್ಲಿ ಪಾಷಾಣ ಕಂಡಿತು. ನಾಲ್ಕು ಮಡಿಕೆ ಅಲ್ಲ, ನಲವತ್ತು ಮಡಿಕೆ ಮಾಡಿದರೂ ಅದು ನಿಲ್ಲದು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನಲ್ಲಿ ನೀರು ಕುಡಿದು ದಲಿತ ಕೇರಿಯ ಜನ ಸತ್ತರು. ಸೀರೆ ಕಟ್ಟಿಕೊಳ್ಳಿ ಎಂದು ಬಡವರಿಗೆ ಹೇಳುವುದು ಸುಲಭ. ಪೈಪು ಸರಿಮಾಡಿ ಎಂದು ಅಧಿಕಾರಸ್ಥರಿಗೆ ಹೇಳುವವರು ಬೇಕು. ಬಟ್ಟೆ ನಮ್ಮ ಜಾಣತನ. ನೀರು ನಮ್ಮ ಹಕ್ಕು. ಜಾಣತನ ಇದೆಯಲ್ಲ ಅಂತ ಹಕ್ಕನ್ನು ಬಿಟ್ಟುಕೊಡಲು ಆಗುವುದಿಲ್ಲ.

ಇನ್ನೊಂದು ಹೊಲಸು ಇದೆ, ಅದು ಯಾವ ಪೈಪಿನಲ್ಲೂ ಬರುವುದಿಲ್ಲ. 2022ರ ನವೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ ಒಬ್ಬ ದಲಿತ ಹೆಣ್ಣುಮಗಳು ಬೀದಿಯ ತೊಂಬೆಯಿಂದ ನೀರು ಕುಡಿದಳು. ತೊಂಬೆಯ ನೀರನ್ನೆಲ್ಲ ಹೊರಗೆ ಹರಿಸಿ ಗಂಜಲ ಹಾಕಿ ತೊಳೆದರೆಂದು ಸುದ್ದಿಯಾಯಿತು. ಮಹಾಡಿನ 108 ಕೊಡಗಳಿಗೂ ಈ ತೊಂಬೆಗೂ ನಡುವೆ 95 ವರ್ಷ. ನಡುವೆ ಸಂವಿಧಾನ ಬಂತು, ಅದರ 17ನೇ ವಿಧಿ ಬಂತು. ನಾರುಹುಳು ದೇಶ ಬಿಟ್ಟು ಹೋಯಿತು. ಈ ಹುಳು ಹೋಗಲಿಲ್ಲ. ಇದೂ ನಾರಿನ ಹಾಗೇ. ಕುಡಿದದ್ದು ಯಾವತ್ತೋ, ಹೊರಗೆ ಬರುವುದು ಇವತ್ತು. ಇದರ ಮರಿ ಯಾವ ನೀರಿನಲ್ಲಿದೆ ಅಂತ ಗ್ಲಾಸನ್ನು ಬಿಸಿಲಿಗೆ ಹಿಡಿದು ತೋರಿಸುವವರು ಬೇಕು. ನಮ್ಮ ಬರಹಕ್ಕೆ ಅದಕ್ಕಿಂತ ದೊಡ್ಡ ಕೆಲಸ ಏನಿದೆ?

1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ನಾಡೇ ಹೊತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಮಂತ್ರಿಯ ಕುರ್ಚಿ ಹೋಯಿತು. ಬೂಸಾ ಎಂದರೆ ಹಿಟ್ಟು ಜರಡಿ ಹಿಡಿದ ಮೇಲೆ ಮೇಲೆ ಉಳಿಯುವುದು. ಅಷ್ಟು ಶತಮಾನ ಜರಡಿ ಹಿಡಿದವರ ಕೈ ಯಾವುದು ಎಂದು ಅವತ್ತು ಮೊದಲ ಬಾರಿ ಗಟ್ಟಿಯಾಗಿ ಕೇಳಿದ್ದಕ್ಕೆ ಆ ಸಿಟ್ಟು. ಆ ಪ್ರಶ್ನೆಯಿಂದ ದಲಿತ ಚಳುವಳಿ ಎದ್ದಿತು, ಬಂಡಾಯದ ದನಿ ಎದ್ದಿತು. ಜರಡಿಯ ಮೇಲೆ ಉಳಿದವರ ಮಕ್ಕಳು ನಾವು. ಜರಡಿಯನ್ನೇ ಕೈಗೆತ್ತಿಕೊಂಡು ಅದರ ಕಣ್ಣು ಎಣಿಸುವ ಕಾಲ ನಮಗೆ ಬಂದಿದೆ.

ಮುತ್ಯಾ ಈಗಿಲ್ಲ. ನಮ್ಮ ಕೇರಿಗೆ ನಲ್ಲಿ ಬಂದಿದೆ, ಊರಿನ ಪೈಪಿನ ಕಟ್ಟಕಡೆಗೆ. ಮೇಲಿನ ಓಣಿಯವರೆಲ್ಲ ತುಂಬಿಕೊಂಡಾದ ಮೇಲೆ ನಮ್ಮಲ್ಲಿಗೆ ಬರುತ್ತದೆ, ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ನೀರು. ಆಯಿ ನಲ್ಲಿಯ ಮೂತಿಗೆ ಹಳೇ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದ್ದಾಳೆ. ದಿನಾ ಸಂಜೆ ಬಿಚ್ಚುತ್ತಾಳೆ. ಒಗೆಯುವ ಮುಂಚೆ ಬಿಸಿಲಿಗೆ ಹಿಡಿದು, ಅರಿವಿಯಲ್ಲಿ ಇವತ್ತು ಏನು ಉಳಿದಿದೆ ಅಂತ ನೋಡುತ್ತಾಳೆ. ಕಣ್ಣು ಮಂಜಾಗಿದೆ. ಈಗೀಗ ನಮ್ಮನ್ನು ಕರೆಯುತ್ತಾಳೆ. “ಬಾರೋ ಸಾಲಿ ಕಲ್ತಾಂವ, ನೀನರ ನೋಡು.”

ನೋಡುತ್ತಿದ್ದೇವೆ, ಆಯಿ.